ಅಪ್ಪಾಜಿಗೆ ಸ್ಟೆಂಟ್ ಹಾಕಿದ್ದಾರೆ, ಅಂಗಡಿ ಮೇನ್ ರೋಡಿಗೇ ಇದೆ. ಗಾಡಿ ಹೊಗೆಯಿಂದ ಹೃದಯಕ್ಕೂ ಪೆಟ್ಟು ಬೀಳುತ್ತದಾ?

ಹೊಸೂರಿನ ಹುಡುಗ

ಎಲ್ಲರಿಗೂ ನಮಸ್ಕಾರ್ರಿ. ಹುಬ್ಬಳ್ಳಿಯಿಂದ ಬರೆಯುತ್ತಿದ್ದೇನೆ. ನಮ್ಮ ಅಪ್ಪಾಜಿ ಟೇಲರ್, ವಯಸ್ಸು 61. ಪಿ.ಬಿ. ರೋಡಿನಲ್ಲಿ ಹೊಸೂರು ಕಡೆ ಚಿಕ್ಕ ಅಂಗಡಿ. ಬಾಗಿಲು ಸೀದಾ ರೋಡಿಗೆ. ಬೆಳಕು ಬರೋದು ಅಲ್ಲಿಂದಲೇ ಅಂತ ಮಷೀನನ್ನೂ ಬಾಗಿಲ ಹತ್ತಿರವೇ ಹಾಕಿಕೊಂಡಿದ್ದಾರೆ. ಬೆಳಿಗ್ಗೆ ಕೂತರೆ ರಾತ್ರಿವರೆಗೂ ಅಲ್ಲೇ.

ಹೋದ ತಿಂಗಳು ಎದೆ ಹಿಡಿದುಕೊಂಡಿತು. ಪಿತ್ತ ಇರಬೇಕು ಅಂತ ಸೋಡಾ ಕುಡಿದು ಕೂತಿದ್ದರಂತೆ. ಮೈಯೆಲ್ಲ ಬೆವರಿದ್ದು ನೋಡಿ ಪಕ್ಕದ ಅಂಗಡಿಯ ಕಾಕಾ ಆಟೋ ಹತ್ತಿಸಿ ಆಸ್ಪತ್ರೆಗೆ ಒಯ್ದರು. ಒಂದು ರಕ್ತನಾಳ ಪೂರ್ತಿ ಬ್ಲಾಕ್ ಆಗಿತ್ತು, ಸ್ಟೆಂಟ್ ಹಾಕಿದ್ದಾರೆ. ಈಗ ಆರಾಮ ಇದ್ದಾರೆ, ದೇವರು ದೊಡ್ಡವನು.

ವಿಷಯ ಏನಂದರೆ, ಅಪ್ಪಾಜಿ ಬೀಡಿ ಸಿಗರೇಟು ಮುಟ್ಟಿದವರಲ್ಲ. ಗುಟ್ಕಾ ಇಲ್ಲ, ಕುಡಿತ ಇಲ್ಲ, ಶುಗರ್ ಇಲ್ಲ. ಬಿಪಿ ಒಂದಿದೆ, ಅದಕ್ಕೆ ಗುಳಿಗೆ ತಗೊಳ್ಳುತ್ತಾರೆ. ಡಿಸ್ಚಾರ್ಜ್ ಮಾಡುವಾಗ ಡಾಕ್ಟರು ಅಂಗಡಿ ಎಲ್ಲಿದೆ ಅಂತ ಕೇಳಿದರು. ಹೇಳಿದ್ದಕ್ಕೆ, ಹೊಗೆಯಿಂದ ಆದಷ್ಟು ದೂರ ಇರಿ ಅಂದರು. ನನಗೆ ಇದು ಹೊಸದು. ಹೊಗೆ ಅಂದರೆ ಕೆಮ್ಮು, ದಮ್ಮು ಅಂತ ಗೊತ್ತಿತ್ತು, ಹೃದಯಕ್ಕೂ ಸಂಬಂಧ ಇದೆ ಅಂತ ಯಾರೂ ಹೇಳಿರಲಿಲ್ಲ. ಬಿಳಿ ಬಟ್ಟೆ ಹೊಲಿಯೋಕೆ ಕೂರುವ ಮೊದಲು ಅಪ್ಪಾಜಿ ಮಷೀನು ಒರೆಸುತ್ತಾರೆ, ಒರೆಸಿದ ಅರಿವೆ ಮಣ್ಣಿನ ಬಣ್ಣ ಬರೋದಿಲ್ಲ, ಕರ್ರಗೆ ಜಿಡ್ಡು ಜಿಡ್ಡಾಗಿ ಬರುತ್ತದೆ. ಅದನ್ನೇ ಇಷ್ಟು ವರ್ಷ ಉಸಿರಾಡಿದ್ದಾರೆ ಅಲ್ವಾ ಅಂತ ಈಗ ಅನ್ನಿಸುತ್ತಿದೆ.

ಮಾಮಾ ಮಾತ್ರ ಇದೆಲ್ಲ ಸುಳ್ಳು, ಟೆನ್ಷನ್‌ನಿಂದ ಆಗಿದ್ದು ಅಂತಾರೆ. ದಿನಾ ರಾತ್ರಿ ಬೆಲ್ಲ ತಿಂದರೆ ಒಳಗಿನ ಹೊಗೆ ಧೂಳು ಎಲ್ಲ ಇಳಿಯುತ್ತದೆ ಅಂತ ಡಬ್ಬಿಗಟ್ಟಲೆ ಬೆಲ್ಲ ತಂದಿಟ್ಟಿದ್ದಾರೆ. ಅಪ್ಪಾಜಿಗೆ ಅಂಗಡಿ ಬಿಟ್ಟು ಇರೋಕೆ ಆಗೋದಿಲ್ಲ, ಮುಂದಿನ ವಾರವೇ ಹೋಗುತ್ತೇನೆ ಅಂತಾರೆ. ಕಳಿಸಬಹುದಾ? ಮಾಸ್ಕ್ ಹಾಕಿಸಿದರೆ ನಡೆಯುತ್ತದಾ, ಅಂಗಡಿಗೆ ಏರ್ ಪ್ಯೂರಿಫೈಯರ್ ತರಬೇಕಾ? ಬೆಳಿಗ್ಗೆ ವಾಕಿಂಗ್ ಕೂಡ ಅದೇ ರೋಡಿನಲ್ಲಿ ಮಾಡುತ್ತಾರೆ. ತಿಳಿದವರು ದಯವಿಟ್ಟು ಹೇಳಿ.

ಕೇಶ್ವಾಪುರದ ಅಕ್ಕ

ತಮ್ಮಾ, ಮೊದಲು ಅಪ್ಪಾಜಿ ಹುಷಾರಾಗಿದ್ದಾರೆ ಅನ್ನೋದು ಕೇಳಿ ಸಮಾಧಾನ ಆಯ್ತು. ಪಕ್ಕದ ಅಂಗಡಿಯವರಿಗೆ ಒಂದು ಸೀರೆನೋ ಪಂಜೆನೋ ಕೊಟ್ಟು ಬಾ, ಜೀವ ಉಳಿಸಿದ್ದಾರೆ.

ನಾನು ಹೃದಯದ ವಾರ್ಡಿನಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತೇನೆ. ಡಾಕ್ಟರು ಹೇಳಿದ್ದು ಸರಿ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಹೊರಗಿನ ಗಾಳಿ ಕೆಟ್ಟದ್ದರಿಂದ ಜಗತ್ತಿನಲ್ಲಿ ಸುಮಾರು 42 ಲಕ್ಷ ಜನ ಅಕಾಲಕ್ಕೆ ತೀರಿಕೊಂಡಿದ್ದಾರೆ. ಅದರಲ್ಲಿ ನೂರಕ್ಕೆ 68ರಷ್ಟು ಹೃದಯದ ರಕ್ತನಾಳದ ಕಾಯಿಲೆ ಮತ್ತು ಪಾರ್ಶ್ವವಾಯು. ನೋಡು, ಶ್ವಾಸಕೋಶದ ಕಾಯಿಲೆಗಿಂತ ಇದೇ ಜಾಸ್ತಿ.

ಹೇಗೆ ಆಗುತ್ತದೆ ಅಂತ ನನಗೆ ತಿಳಿದಷ್ಟು ಹೇಳುತ್ತೇನೆ. ರೋಡಿನ ಕೆಂಪು ಧೂಳು ದಪ್ಪ ಇರುತ್ತದೆ, ಬಹಳಷ್ಟು ಮೂಗು ಗಂಟಲಲ್ಲೇ ನಿಲ್ಲುತ್ತದೆ, ಸೀನಿದರೆ ಕೆಮ್ಮಿದರೆ ಹೊರಗೆ ಬರುತ್ತದೆ. ಡೀಸೆಲ್ ಹೊಗೆ, ಕಸ ಸುಟ್ಟ ಹೊಗೆ, ಕಟ್ಟಿಗೆ ಹೊಗೆ ಹಾಗಲ್ಲ. ಅದರಲ್ಲಿರೋ ಕಣ ಬಹಳ ಸಣ್ಣದು. ಪಿಎಂ 2.5 ಅಂತಾರಲ್ಲ, ಅದು ಎರಡೂವರೆ ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣ, ನಮ್ಮ ತಲೆಗೂದಲೇ 50ರಿಂದ 70 ಮೈಕ್ರಾನ್ ದಪ್ಪ ಇರುತ್ತದೆ. ಈ ಕಣ ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೆ ಹೋಗಿ ಕೂರುತ್ತದೆ. ಅಲ್ಲಿ ಉರಿಯೂತ ಶುರುವಾಗುತ್ತದೆ, ಅದರ ಪರಿಣಾಮ ರಕ್ತದ ಜೊತೆ ಮೈಯೆಲ್ಲ ಹರಡುತ್ತದೆ. ಇನ್ನೂ ಸಣ್ಣ ಕಣಗಳು ಸೀದಾ ರಕ್ತಕ್ಕೇ ಇಳಿಯುತ್ತವೆ. ರಕ್ತನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ, ರಕ್ತ ಬೇಗ ಹೆಪ್ಪುಗಟ್ಟುತ್ತದೆ, ಹೃದಯದ ಬಡಿತದ ಲಯವೂ ಏರುಪೇರಾಗಬಹುದು. ಮೊದಲೇ ನಾಳದಲ್ಲಿ ಕೊಬ್ಬು ಕಟ್ಟಿಕೊಂಡಿದ್ದರೆ ಅದು ಒಡೆದು ಬ್ಲಾಕ್ ಆಗೋಕೆ ಇಷ್ಟು ಸಾಕು.

ಹಾಗಂತ ಎಲ್ಲವನ್ನೂ ಹೊಗೆಯ ಮೇಲೆ ಹಾಕಬೇಡ. ಬಿಪಿ, ಕೊಲೆಸ್ಟ್ರಾಲ್, ದಿನಪೂರ್ತಿ ಕೂತೇ ಇರೋದು, ವಯಸ್ಸು, ಎಲ್ಲ ಸೇರುತ್ತವೆ. ಹೊಗೆ ಅದರ ಮೇಲೆ ಇನ್ನೊಂದು ಭಾರ. ಸ್ಟೆಂಟ್ ಹಾಕಿಸಿಕೊಂಡವರು ಈಗ ಎಲ್ಲ ಸರಿಹೋಯ್ತು ಅಂದುಕೊಳ್ಳುತ್ತಾರೆ. ಅಪ್ಪಾಜಿಗೆ ಅವರ ಕಸುಬಿನ ಮಾತಿನಲ್ಲೇ ಹೇಳು: ಹರಿದ ಕಡೆ ತೇಪೆ ಹಾಕಿದ್ದಾರೆ, ಅಂಗಿ ಹೊಸದಾಗಿಲ್ಲ. ಉಳಿದ ನಾಳಗಳು ಮೊದಲಿನವೇ.

ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿರೋ ಗುಳಿಗೆ ಒಂದು ದಿನವೂ ತಪ್ಪಬಾರದು. ಹಲ್ಲು ಕೀಳಿಸೋಕೆ ಹೋದರೂ ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಬೆಲ್ಲದಿಂದ ರಕ್ತನಾಳ ತೊಳೆಯೋದಿಲ್ಲ. ಮಾಮಾ ಪ್ರೀತಿಯಿಂದ ತಂದಿದ್ದಾರೆ, ಹೋಳಿಗೆ ಮಾಡಿ ಮಂದಿಗೆ ಹಂಚಿ.

ಗೋಕುಲ ರೋಡ್ 77

ನಾನು ಮಾಮಾ ಅವರ ಕಡೆ. ಬೇಜಾರಾಗಬೇಡ್ರಿ. ಇಡೀ ಹುಬ್ಬಳ್ಳಿ ಒಂದೇ ಗಾಳಿ ಕುಡಿಯುತ್ತದೆ, ಹಾಗಿದ್ದರೆ ಎಲ್ಲರಿಗೂ ಅಟ್ಯಾಕ್ ಆಗಬೇಕಿತ್ತಲ್ಲ? ನಮ್ಮ ದೊಡ್ಡಪ್ಪ ಜೀವನಪೂರ್ತಿ ಲಾರಿ ಓಡಿಸಿದವರು, 80 ದಾಟಿದರೂ ಗಟ್ಟಿ ಇದ್ದಾರೆ, ದಿನಾ ಎರಡು ರೊಟ್ಟಿ ಜಾಸ್ತಿಯೇ ತಿನ್ನುತ್ತಾರೆ. 2025ರಲ್ಲಿ ಹಾಸನದಲ್ಲಿ ಸಾಲಾಗಿ ಹಾರ್ಟ್ ಅಟ್ಯಾಕ್ ಸಾವು ಅಂತ ಸುದ್ದಿ ಬಂದಾಗ ಜನ ಜಯದೇವ ಆಸ್ಪತ್ರೆ ಮುಂದೆ ಪಾಳಿ ಹಚ್ಚಿದರು. ಆಗ ಒಬ್ಬರು ಲಸಿಕೆ ಅಂದರು, ಒಬ್ಬರು ಬ್ರಾಯ್ಲರ್ ಕೋಳಿ ಅಂದರು, ಒಬ್ಬರು ಮೊಬೈಲ್ ಅಂದರು. ಈಗ ಹೊಗೆ. ಜನರನ್ನು ಸುಮ್ನೆ ಹೆದರಿಸೋದು ಸರಿ ಅಲ್ಲ ಅನ್ನೋದು ನನ್ನ ಮಾತು. ಬಡವರು ರೋಡ್ ಪಕ್ಕ ಅಂಗಡಿ ಬಿಟ್ಟು ಎಲ್ಲಿಗೆ ಹೋಗಬೇಕು?

ಧಾರವಾಡ ಮಾಸ್ತರ

ಗೋಕುಲ ರೋಡಿನ ಅಣ್ಣಾ, ನಿಮ್ಮ ಕೊನೇ ಪ್ರಶ್ನೆ ಬಹಳ ಮುಖ್ಯವಾದದ್ದು, ಅದಕ್ಕೆ ಬರುತ್ತೇನೆ. ಆದರೆ ಹೊಗೆಯನ್ನು ಮೊಬೈಲು, ಕೋಳಿಯ ಸಾಲಿಗೆ ಸೇರಿಸಬೇಡಿ. ಇದು ವಾಟ್ಸಾಪಿನಲ್ಲಿ ಹುಟ್ಟಿದ ಮಾತಲ್ಲ.

1952ರ ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ ಐದು ದಿನ ಕಲ್ಲಿದ್ದಲ ಹೊಗೆ ಊರ ಮೇಲೆಯೇ ನಿಂತುಬಿಟ್ಟಿತು. ಆಗ ಸುಮಾರು 4000 ಜನ ಹೆಚ್ಚಿಗೆ ಸತ್ತರು ಅಂತ ಲೆಕ್ಕ ಹಾಕಿದರು, ಆಮೇಲಿನ ಅಂದಾಜು 12,000ದವರೆಗೆ ಹೋಗಿದೆ. ಮೊದಲೇ ಎದೆಯ, ಹೃದಯದ ತೊಂದರೆ ಇದ್ದವರಿಗೆ ಜಾಸ್ತಿ ಪೆಟ್ಟು ಬಿತ್ತು. ಅಮೆರಿಕದಲ್ಲಿ ಆರು ಊರುಗಳ 8000ಕ್ಕೂ ಹೆಚ್ಚು ಜನರನ್ನು 14ರಿಂದ 16 ವರ್ಷ ಹಿಂಬಾಲಿಸಿ ನೋಡಿದ ಹಾರ್ವರ್ಡ್ ಅಧ್ಯಯನ 1993ರಲ್ಲಿ ಬಂತು. ಸಿಗರೇಟು, ತೂಕ, ಓದು ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ, ಅತಿ ಕೆಟ್ಟ ಗಾಳಿಯ ಊರಿನಲ್ಲಿ ಸಾವಿನ ಪ್ರಮಾಣ ಅತಿ ಶುದ್ಧ ಗಾಳಿಯ ಊರಿಗಿಂತ ನೂರಕ್ಕೆ 26ರಷ್ಟು ಜಾಸ್ತಿ ಇತ್ತು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2004ರಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ, 2010ರಲ್ಲಿ ಇನ್ನೂ ಗಟ್ಟಿಯಾಗಿ ಹೇಳಿದೆ.

ನಿಮ್ಮ ದೊಡ್ಡಪ್ಪ ಗಟ್ಟಿ ಇರೋದು ಸಂತೋಷ. ಬೀಡಿ ಸೇದಿಯೂ 90 ಬದುಕಿದವರು ಪ್ರತಿ ಊರಲ್ಲೂ ಒಬ್ಬರು ಇರುತ್ತಾರೆ. ಒಬ್ಬರನ್ನು ನೋಡಿದರೆ ಏನೂ ತಿಳಿಯೋದಿಲ್ಲ, ಸಾವಿರಾರು ಜನರನ್ನು ನೋಡಿದಾಗಲೇ ತಿಳಿಯೋದು.

ಇನ್ನು ನಮ್ಮ ಊರಿನ ವಿಷಯ. 2019ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡಿದಾಗ, ಗಾಳಿ ಮಿತಿ ಮೀರಿದ ಊರುಗಳ ಪಟ್ಟಿಯಲ್ಲಿ ಕರ್ನಾಟಕದಿಂದ ನಾಲ್ಕು ಹೆಸರು ಇದ್ದವು. ಬೆಂಗಳೂರು, ದಾವಣಗೆರೆ, ಕಲಬುರಗಿ, ಮತ್ತೆ ನಮ್ಮ ಹುಬ್ಬಳ್ಳಿ-ಧಾರವಾಡ. ನಮ್ಮಲ್ಲಿ ದೊಡ್ಡ ದೂರು ಪಿಎಂ 10, ಅಂದರೆ ಧೂಳು. ಅಗೆದ ರೋಡು, ಕಟ್ಟಡ ಕೆಲಸ, ಮೇಲೆ ಹೊದಿಕೆ ಹಾಕದ ಮಣ್ಣಿನ ಟಿಪ್ಪರು, ದಿನಾ ನೋಡುತ್ತೇವಲ್ಲ. ಆದರೆ ಹೃದಯದ ಮಟ್ಟಿಗೆ ನೋಡಬೇಕಾದ ಅಂಕಿ ಪಿಎಂ 2.5. ನಮ್ಮ ದೇಶದ ವಾರ್ಷಿಕ ಮಿತಿ ಒಂದು ಘನ ಮೀಟರ್ ಗಾಳಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಮಿತಿಯನ್ನು 5ಕ್ಕೆ ಇಳಿಸಿದೆ. ಅಂದರೆ ಮೊಬೈಲಿನಲ್ಲಿ ಗಾಳಿ ಚೊಲೋ ಇದೆ ಅಂತ ಹಸಿರು ಬಣ್ಣ ಬಂದ ದಿನವೂ ಹೃದಯ ರೋಗಿಗೆ ಪೂರ್ತಿ ನಿಶ್ಚಿಂತೆ ಅಂತಲ್ಲ. ಗಾಳಿ ಹೇಗಿದೆ ಅಂತ ತೋರಿಸೋ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್ ಹಾಕಿಕೊಳ್ಳಿ. ಒಟ್ಟು ಸೂಚ್ಯಂಕ ನೋಡಿ ಬಿಡಬೇಡಿ, ಒಳಗೆ ಪಿಎಂ 2.5 ಎಷ್ಟಿದೆ ಅಂತ ನೋಡಿ. ಅಳೆಯುವ ಯಂತ್ರ ಇರೋದು ಒಂದು ಕಡೆ, ಅಪ್ಪಾಜಿ ಕೂರೋದು ಬಸ್ಸಿನ ಸೈಲೆನ್ಸರಿನ ಮುಂದೆ. ರೋಡಿನ ಅಂಚಿನಲ್ಲಿ ಹೊಗೆ ಯಾವಾಗಲೂ ಜಾಸ್ತಿ. ಒಳಗಿನ ಗಲ್ಲಿಗೆ ಹೋದ ಕೂಡಲೇ ಕಡಿಮೆಯಾಗುತ್ತದೆ.

ವಾಕಿಂಗ್ ಬಗ್ಗೆ. ನಡೆಯೋದು ಬಿಡಬಾರದು, ಜಾಗ ಬದಲಿಸಿ. ಉಣಕಲ್ ಕೆರೆಯ ಉದ್ಯಾನ, ನೃಪತುಂಗ ಬೆಟ್ಟ, ಧಾರವಾಡಕ್ಕೆ ಬಂದರೆ ಕರ್ನಾಟಕ ವಿಶ್ವವಿದ್ಯಾಲಯದ ಆವರಣ. ಬೆಟ್ಟದ ಏರು ಮಾತ್ರ ಡಾಕ್ಟರನ್ನು ಕೇಳಿದ ಮೇಲೆ. ಚಳಿಗಾಲದಲ್ಲಿ ನಸುಕಿನಲ್ಲಿ ಹೋಗೋದು ಬೇಡ. ನೆಲದ ಹತ್ತಿರ ತಂಪು ಗಾಳಿ ಕೆಳಗೇ ನಿಂತಿರುತ್ತದೆ, ರಾತ್ರಿಯ ಹೊಗೆ, ಮುಂಜಾನೆ ಸುಟ್ಟ ಕಸದ ಹೊಗೆ ಎಲ್ಲ ಅದರಲ್ಲೇ ಸಿಕ್ಕಿಕೊಂಡಿರುತ್ತದೆ. ಬಿಸಿಲು ಬಿದ್ದ ಮೇಲೆ ಗಾಳಿ ಮೇಲೇಳುತ್ತದೆ. ಚಳಿಗೂ ರಕ್ತನಾಳ ಬಿಗಿಯುತ್ತದೆ, ಹಾಗಾಗಿ ಸ್ವಲ್ಪ ತಡವಾಗಿ ಹೋದರೆ ಎರಡಕ್ಕೂ ಒಳ್ಳೇದು.

ಬಡವರು ಎಲ್ಲಿಗೆ ಹೋಗಬೇಕು ಅಂದಿರಲ್ಲ, ಅವರು ಹೋಗಬೇಕಾಗಿಲ್ಲ ಅಣ್ಣಾ. ರೋಡು ಗುಡಿಸಿದ ಕಸವನ್ನು ಅಲ್ಲೇ ಮೂಲೆಯಲ್ಲಿ ಪ್ಲಾಸ್ಟಿಕ್ ಸಮೇತ ಸುಡೋದು ನಿಲ್ಲಬೇಕು. ಟಿಪ್ಪರಿಗೆ ತಾಡಪತ್ರಿ ಕಟ್ಟಬೇಕು. ಕರ್ರಗೆ ಹೊಗೆ ಬಿಡೋ ಗಾಡಿಗೆ ಹೊಗೆ ತಪಾಸಣೆ ಚೀಟಿ ಎಲ್ಲಿಂದ ಸಿಕ್ಕಿತು ಅಂತ ಕೇಳಬೇಕು. ಹೃದಯ ರೋಗ ಬಂದವರಿಗೆ ಮಾತ್ರ ಹುಷಾರಾಗಿರಿ ಅಂದು ಸುಮ್ಮನಾದರೆ ಅದು ನ್ಯಾಯ ಅಲ್ಲ. ಈ ಮಾತು ನನಗೆ ಹೊಟ್ಟೆಯಲ್ಲಿ ಸಂಕಟ ತರುತ್ತದೆ, ಯಾಕೆಂದರೆ ನಮ್ಮ ಶಾಲೆಯ ಗೋಡೆಯ ಆಚೆಯೇ ದಿನಾ ಕಸ ಸುಡುತ್ತಾರೆ.

ಗದಗಿನ ಸೊಸೆ

ಅಕ್ಕಾರ, ಮಾಸ್ತರ, ಇಬ್ಬರೂ ಚೊಲೋ ಬರೆದಿದ್ದೀರಿ. ನಾನು ಬೇರೆ ಒಂದು ವಿಷಯ ಕೇಳಬೇಕು. ನಮ್ಮದು ಗದಗ ಹತ್ತಿರದ ಹಳ್ಳಿ. ನಮ್ಮಲ್ಲಿ ಟ್ರಾಫಿಕ್ ಇಲ್ಲ, ಕಪ್ಪತಗುಡ್ಡದ ಕಡೆಯಿಂದ ಗಾಳಿ ಬೀಸುತ್ತದೆ, ಹೊರಗೆ ಬಂದರೆ ಉಸಿರು ಹಗುರ ಆಗುತ್ತದೆ. ಆದರೆ ನಮ್ಮ ಅತ್ತೆ ಇವತ್ತಿಗೂ ರೊಟ್ಟಿ ಬಡಿಯೋದು ಒಲೆಯ ಮೇಲೆ. ಗ್ಯಾಸ್ ಇದೆ, ಚಹಾಕ್ಕೆ ಮಾತ್ರ. ಸಿಲಿಂಡರ್ ಬೇಗ ಮುಗಿಯುತ್ತದೆ ಅನ್ನೋ ಚಿಂತೆ. ಹತ್ತಿ ಕಟ್ಟಿಗೆ ಹೊಲದಲ್ಲಿ ಪುಕ್ಕಟೆ ಸಿಗುತ್ತದೆ, ಕುಳ್ಳು ಮನೆಯಲ್ಲೇ ಇದೆ. ಮಳೆಗಾಲದಲ್ಲಿ ಹಸಿ ಕಟ್ಟಿಗೆ ಊದಿ ಊದಿ ಅಡಿಗೆಮನೆ ತುಂಬಾ ಹೊಗೆ, ಮೇಲಿನ ತೊಲೆ ಟಾರು ಬಳಿದ ಹಾಗೆ ಮಿಂಚುತ್ತದೆ, ಬೆರಳು ತಾಗಿಸಿದರೆ ಅಂಟುತ್ತದೆ. ಈಗ ಅವರಿಗೆ ನಾಲ್ಕು ಹೆಜ್ಜೆ ನಡೆದರೆ ದಣಿವು, ಬೆನ್ನು ನೋವು, ದವಡೆ ಹಿಡಿಯುತ್ತದೆ ಅಂತಾರೆ. ವಯಸ್ಸಾಯ್ತು ಅಂತ ಎಲ್ಲರೂ ಬಿಟ್ಟಿದ್ದಾರೆ. ಒಲೆ ಹೊಗೆಗೂ ಇದೇ ಆಗುತ್ತದಾ?

ಕೇಶ್ವಾಪುರದ ಅಕ್ಕ

ತಂಗಿ, ಇದನ್ನು ನಾಳೆಗೆ ಇಡಬೇಡ. ನಡೆದರೆ ದಣಿವು, ಬೆನ್ನು, ದವಡೆ, ಇವು ಹೃದಯದ ಲಕ್ಷಣ ಇರಬಹುದು. ಹೆಣ್ಣುಮಕ್ಕಳಲ್ಲಿ ಎದೆನೋವು ಜೋರಾಗಿ ಬಾರದೆ ಹೀಗೆ ಬರೋದು ಇದೆ, ಅದಕ್ಕೇ ಮನೆಯವರೂ ಕೆಲವು ಸಲ ಡಾಕ್ಟರೂ ಗಮನಿಸೋದಿಲ್ಲ. ಅತ್ತೆಯನ್ನು ಹತ್ತಿರದ ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಸಿಜಿ ತೆಗೆಸು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ಹೃದಯ ತಜ್ಞರಿಗೆ ಕಳಿಸಿ ಕೇಳುತ್ತಾರೆ, ಅಟ್ಯಾಕ್ ಅಂತ ಖಾತ್ರಿಯಾದರೆ ಹೆಪ್ಪು ಕರಗಿಸೋ ಇಂಜೆಕ್ಷನ್ ಪುಕ್ಕಟೆ ಕೊಡುತ್ತಾರೆ. ಹೊರಗೆ ಅದರ ರೇಟು ಬಹಳ. ಕೂತಾಗಲೂ ದವಡೆ ಅಥವಾ ಎದೆ ಹಿಡಿದರೆ, ಬೆವರು ಬಂದರೆ, ಕಾಯದೆ 108ಕ್ಕೆ ಫೋನ್ ಮಾಡು.

ಒಲೆ ಹೊಗೆಯೂ ಅದೇ ಸಣ್ಣ ಕಣ. ಮುಚ್ಚಿದ ಅಡಿಗೆಮನೆಯಲ್ಲಿ ಇನ್ನೂ ಜಾಸ್ತಿ, ಜೊತೆಗೆ ಕಾರ್ಬನ್ ಮೋನಾಕ್ಸೈಡ್ ಬೇರೆ. ಅದು ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದುಕೊಳ್ಳುತ್ತದೆ, ಹೃದಯ ಜಾಸ್ತಿ ದುಡಿಯಬೇಕಾಗುತ್ತದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಸಾವು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇದರಲ್ಲೂ ಹೃದಯ ಕಾಯಿಲೆಯ ಪಾಲು ದೊಡ್ಡದು. ರೊಟ್ಟಿ ಒಲೆಯದ್ದೇ ಬೇಕು ಅನ್ನೋರಿಗೆ ಏನು ಹೇಳೋದು, ರುಚಿ ಬೇರೆಯೇ. ಆದರೂ ಅತ್ತೆಯನ್ನು ಒಲೆ ಮುಂದೆ ಕೂರಿಸಬೇಡ. ಗ್ಯಾಸ್ ಮೇಲೆ ಹಂಚು ಇಟ್ಟು ಮಾಡೋಕೆ ರೂಢಿ ಮಾಡಿಕೊಳ್ಳಿ. ನೀರು ಕಾಯಿಸೋ ಒಲೆಯನ್ನು ಹಿತ್ತಲಿಗೆ ಒಯ್ಯಿರಿ. ಕಟ್ಟಿಗೆ ಒಣಗಿಸಿ ಇಟ್ಟುಕೊಂಡರೆ ಹೊಗೆ ಕಡಿಮೆ, ಪೂರ್ತಿ ಹೋಗೋದಿಲ್ಲ. ನೀನು ಕೂಡ ಅದೇ ಹೊಗೆಯಲ್ಲಿ ಇದ್ದೀಯಲ್ಲ ತಂಗಿ, ನಿನ್ನ ಬಿಪಿಯನ್ನೂ ನೋಡಿಸಿಕೊಂಡು ಬಾ.

ಆಟೋ ಸ್ಟ್ಯಾಂಡ್ ಮಾವ

ನಾನು ಚೆನ್ನಮ್ಮ ಸರ್ಕಲ್ ಕಡೆ ಆಟೋ ಓಡಿಸುತ್ತೇನೆ. ನನಗೂ ಸ್ಟೆಂಟ್ ಆಗಿದೆ, ಈಗಲೂ ಓಡಿಸುತ್ತೇನೆ. ಹುಡುಗಾ, ಅಂಗಡಿ ಬಿಡಿಸಬೇಡ, ದುಡಿದ ಮನುಷ್ಯ ಮನೆಯಲ್ಲಿ ಕೂತರೆ ಮನಸ್ಸಿಗೆ ಜಡ್ಡು ಬರುತ್ತದೆ. ಸಂಜೆ ಆರರಿಂದ ಎಂಟೂವರೆ ಟ್ರಾಫಿಕ್ ಬಹಳ, ಆ ಹೊತ್ತಿನಲ್ಲಿ ಅಂಗಡಿ ಮುಚ್ಚಲಿ. ಮಧ್ಯಾಹ್ನ ಜಾಸ್ತಿ ಕೂರಲಿ. ಮಷೀನು ಒಳಗೋಡೆ ಕಡೆ ಸರಿಸಿ ಒಂದು ಎಲ್ಇಡಿ ಲೈಟ್ ಹಾಕು, ಬಾಗಿಲಿಗೆ ಗಾಜು ಕೂರಿಸು. ಒರೆಸೋದು ಒದ್ದೆ ಬಟ್ಟೆಯಲ್ಲಿ, ಕಸಬರಿಗೆ ಹಾಕಿದರೆ ಎಲ್ಲ ಮತ್ತೆ ಮೇಲೇಳುತ್ತದೆ. ಹೋಗಿಬರೋದು ಬೈಕ್ ಬೇಡ, ಲಾರಿ ಹಿಂದೆ ನಿಂತರೆ ಹೊಗೆ ಸೀದಾ ಮುಖಕ್ಕೆ. ಚಿಗರಿ ಎಸಿ ಬಸ್ಸಿನಲ್ಲಿ ಕಿಟಕಿ ಮುಚ್ಚಿರುತ್ತದೆ, ಅದರಲ್ಲಿ ಹೋಗಲಿ. ನಾನು ಸಿಗ್ನಲ್‌ನಲ್ಲಿ ಇಂಜಿನ್ ಬಂದ್ ಮಾಡುತ್ತೇನೆ, ಸ್ಟ್ಯಾಂಡಿನ ಹುಡುಗರಿಗೂ ಮಾಡಿಸುತ್ತೇನೆ.

ಹೊಸೂರಿನ ಹುಡುಗ

ಎಲ್ಲರಿಗೂ ಬಹಳ ಥ್ಯಾಂಕ್ಸ್. ಆಟೋ ಮಾವ ಹೇಳಿದ ಹಾಗೆ ಮಷೀನು ಒಳಗೆ ಸರಿಸೋಕೆ ಅಪ್ಪಾಜಿ ಒಪ್ಪಿದ್ದಾರೆ, ಗಾಜಿನ ಬಾಗಿಲಿಗೆ ಅಳತೆ ಕೊಟ್ಟು ಬಂದೆ. ಸಂಜೆ ಅಂಗಡಿ ಮುಚ್ಚೋಕೆ ಮಾತ್ರ ಗಿರಾಕಿ ಹೋಗುತ್ತಾರೆ ಅಂತ ಒಪ್ಪುತ್ತಿಲ್ಲ. ಆ ಹೊತ್ತಿಗೆ ನಾನು ಕೂತು ಬಟ್ಟೆ ಕೊಡೋದು ತಗೊಳ್ಳೋದು ಮಾಡುತ್ತೇನೆ ಅಂದಿದ್ದೇನೆ. ಅಕ್ಕಾರ, ಮಾಸ್ಕ್ ಮತ್ತೆ ಪ್ಯೂರಿಫೈಯರ್ ಬಗ್ಗೆ ಹೇಳಲಿಲ್ಲ. ಮಾಸ್ಕ್ ಹಾಕಿದರೆ ಉಸಿರು ಕಟ್ಟುತ್ತದೆ ಅಂತಾರೆ.

ಕೇಶ್ವಾಪುರದ ಅಕ್ಕ

ಬಟ್ಟೆ ಮಾಸ್ಕು, ಕರ್ಚೀಫು ಧೂಳಿಗೆ ಸ್ವಲ್ಪ ಆದೀತು, ಹೊಗೆಯ ಸಣ್ಣ ಕಣಕ್ಕೆ ಆಗೋದಿಲ್ಲ. ಎನ್95 ಬೇಕು, ಮೂಗಿನ ಮೇಲಿನ ತಂತಿ ಒತ್ತಿ, ಅಂಚಿನಲ್ಲಿ ಗಾಳಿ ನುಗ್ಗದಂತೆ ಹಾಕಬೇಕು. ಬೀಜಿಂಗ್‌ನಲ್ಲಿ ಹೃದಯದ ರಕ್ತನಾಳದ ಕಾಯಿಲೆ ಇದ್ದ 98 ಜನರನ್ನು ಒಮ್ಮೆ ಒಳ್ಳೇ ಮಾಸ್ಕ್ ಹಾಕಿಸಿ, ಒಮ್ಮೆ ಹಾಕಿಸದೆ ರೋಡಿನಲ್ಲಿ ಎರಡು ಗಂಟೆ ನಡೆಸಿ ನೋಡಿದ್ದಾರೆ. 2012ರಲ್ಲಿ ಅದರ ವರದಿ ಬಂದಿದೆ. ಮಾಸ್ಕ್ ಹಾಕಿದಾಗ ಬಿಪಿ ಸ್ವಲ್ಪ ಕಡಿಮೆ, ಇಸಿಜಿಯಲ್ಲಿ ಹೃದಯಕ್ಕೆ ರಕ್ತ ಸಾಲದು ಅನ್ನೋ ಗುರುತೂ ಕಡಿಮೆ ಇತ್ತು. ಹಾಗಾಗಿ ಉಪಯೋಗ ಇದೆ. ಆದರೆ ದಿನಪೂರ್ತಿ ಬೇಡ. ರೋಡಿನಲ್ಲಿ ಹೋಗಿಬರುವಾಗ, ಪಕ್ಕದಲ್ಲಿ ಯಾರಾದರೂ ಕಸ ಸುಟ್ಟಾಗ, ದೀಪಾವಳಿ ಪಟಾಕಿ ಹೊತ್ತಿನಲ್ಲಿ ಹಾಕಲಿ. ಉಸಿರು ಕಟ್ಟಿದ ಹಾಗಾದರೆ ತೆಗೆದು ಕೂತುಕೊಳ್ಳಲಿ, ಹಟ ಮಾಡಿ ಹಾಕೋದು ಬೇಡ. ಮಾಸಿದ ಮೇಲೆ, ಉಸಿರಾಡೋಕೆ ಬಿಗಿ ಆದ ಮೇಲೆ ಬಿಸಾಕಿ, ಒಗೆದು ಹಾಕಬಾರದು.

ಪ್ಯೂರಿಫೈಯರ್ ಬಾಗಿಲು ತೆರೆದ ಅಂಗಡಿಯಲ್ಲಿ ದುಡ್ಡು ದಂಡ. ಸಣ್ಣ ಕಣ ಹಿಡಿಯೋ ಹೆಪಾ ಫಿಲ್ಟರ್ ಇರೋದನ್ನು ಮುಚ್ಚಿದ ಕೋಣೆಯಲ್ಲಿ ಇಟ್ಟರೆ ಕೆಲಸ ಮಾಡುತ್ತದೆ. ಸದ್ಯ ಆ ದುಡ್ಡಿನಲ್ಲಿ ಗಾಜಿನ ಬಾಗಿಲು ಹಾಕಿಸು, ಮಿಕ್ಕಿದ್ದರಲ್ಲಿ ಬಿಪಿ ನೋಡೋ ಮಷೀನು ತಗೋ. ವಾರಕ್ಕೆ ಎರಡು ಮೂರು ಸಲ ನೋಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಆ ಬುಕ್ಕು ತೋರಿಸಿ, ಮಷೀನಿನ ಪೆಡಲ್ ಯಾವಾಗಿನಿಂದ ತುಳಿಯಬಹುದು, ದಿನಕ್ಕೆ ಎಷ್ಟು ಹೊತ್ತು ಅಂತ ಕೇಳು. ಅವರು ಹೇಳೋವರೆಗೂ ಕತ್ತರಿಸೋದು, ಕಾಜಾ ಗುಂಡಿ ಹಚ್ಚೋದು ಮಾಡಲಿ.